ಪೆದ್ದಮ್ಮನ ಪಾಲಿನ ಚುಟ್ಟ

ಗೌರಿಬಿದನೂರು
೩-೨-೧೯೬೧

ಪೆದ್ದಮ್ಮನಿಗೆ ರಾಮಾಂಜಿನಪ್ಪನ ನಮಸ್ಕಾರ.

ಗಾಬರಿಯಾಗಬೇಡ. ನಾನು ಬದುಕಿದ್ದೇನೆ, ಸ್ವಲ್ಪ ದಪ್ಪಗೂ ಆಗಿದ್ದೇನೆ. ಎಂಟು ತಿಂಗಳು ಕಾಗದ ಹಾಕದಿದ್ದಕ್ಕೆ ಕಾರಣ ಇಷ್ಟೇ. ಒಂದು ಊರಿನಿಂದ ಬರೆದರೆ, ನಿನ್ನ ಉತ್ತರ ಬರುವ ಹೊತ್ತಿಗೆ ನಾನು ಇನ್ನೊಂದು ಊರಿನಲ್ಲಿರುತ್ತಿದ್ದೆ. ನಂದಿಯ ದ್ರಾಕ್ಷಿ ತೋಟದಲ್ಲಿ ಎರಡು ತಿಂಗಳು, ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಊರು ಕೂಗುತ್ತ ಒಂದು ತಿಂಗಳು, ಆಮೇಲೆ ಚಿಂತಾಮಣಿಯಲ್ಲಿ ಚುಟ್ಟ ಸುತ್ತುವ ನಲ್ಲಪ್ಪನವರ ಹತ್ತಿರ. ಅಲ್ಲಿ ಮಾತ್ರ ನನ್ನ ಕಾಲು ನಿಂತಿತು. ಹೊಗೆಸೊಪ್ಪಿನ ಎಲೆ ನೆನೆಸುವುದು, ನರ ತೆಗೆಯುವುದು, ಸುತ್ತುವುದು ಎಲ್ಲ ಕಲಿತೆ. ಈಗ ಗೌರಿಬಿದನೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನದೇ ಒಂದು ಪೆಟ್ಟಿಗೆ ಅಂಗಡಿ. ಚುಟ್ಟ ಬಿಟ್ಟು ಬೇರೇನೂ ಇಡುವುದಿಲ್ಲ. ಬೀಡಿ ಕೇಳಿದವರಿಗೆ ಎದುರಿನ ಅಂಗಡಿ ತೋರಿಸುತ್ತೇನೆ.

ಪಕ್ಕದಲ್ಲಿ ಗೋದಮ್ಮನವರ ಕಾಫಿ ಅಂಗಡಿ ಇದೆ. ಒಂದು ದಿನ ನೋಡಿದೆ: ನನ್ನ ಚುಟ್ಟ ಕೊಂಡವರು ಅವರ ಕಾಫಿ ಕುಡಿಯುತ್ತಾರೆ, ಅವರ ಕಾಫಿ ಕುಡಿದವರು ನನ್ನ ಚುಟ್ಟ ಕೇಳುತ್ತಾರೆ. ಆದರೆ ಯಾವ ಚುಟ್ಟಕ್ಕೆ ಏನು ಕುಡಿಯಬೇಕು ಎಂಬುದು ಒಬ್ಬರಿಗೂ ಗೊತ್ತಿಲ್ಲ. ಬಡವನ ಚುಟ್ಟಕ್ಕೂ ಒಂದು ಜೊತೆ ಬೇಕಲ್ಲವಾ? ಅದನ್ನು ಹೇಳಬಲ್ಲವಳು ನನಗೆ ಗೊತ್ತಿರುವ ಮಟ್ಟಿಗೆ ಒಬ್ಬಳೇ. ಹಿತ್ತಲ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಕೈಯಲ್ಲಿ ಲೋಟ ಹಿಡಿದು, ಕಣ್ಣು ಮುಚ್ಚಿ ಹೊಗೆ ಬಿಡುತ್ತಿದ್ದವಳು.

ಪೆದ್ದಮ್ಮ, ನೀನು ಚುಟ್ಟ ಬಿಟ್ಟು ಹನ್ನೆರಡು ವರ್ಷವಾಯಿತು. ಬೇಡವಾಗಿ ಬಿಟ್ಟದ್ದಲ್ಲ. ಚಿಕ್ಕಪ್ಪ ಮನೆಯಲ್ಲಿ ರೇಷ್ಮೆ ಹುಳು ಇಟ್ಟ ದಿನ ಬಿಟ್ಟೆ. ಹೊಗೆಸೊಪ್ಪು ಮುಟ್ಟಿದ ಕೈ ಹುಳುವಿಗೆ ವಿಷ ಎಂದು ಯಾರೋ ಹೇಳಿದರು, ನೀನು ಆ ಸಾಯಂಕಾಲವೇ ಡಬ್ಬಿ ಎತ್ತಿ ಹಾಳುಬಾವಿಗೆ ಎಸೆದೆ. ಸಾಕು ಇನ್ನು. ಇಲ್ಲಿಗೆ ಬಂದುಬಿಡು. ನನ್ನ ಅಂಗಡಿ ಹಿಂದೆ ಎರಡು ಕೋಣೆಯ ಮನೆ ಇದೆ. ದಿನಾ ಸಂಜೆ ಒಂದು ಚುಟ್ಟ, ಒಂದು ಲೋಟ ಕಾಫಿ. ಇದು ನಿನಗೆ ಸಿಗಲೇಬೇಕಾದದ್ದು.

ಇಂತಿ ನಿನ್ನ ಕೈಯಲ್ಲಿ ಬೆಳೆದ
ರಾಮಾಂಜಿನಪ್ಪ

•

ಜಂಗಮಕೋಟೆ
೧೪-೨-೧೯೬೧

ರಾಮಾಂಜಿ,

ಇದನ್ನ ಸತ್ಯಮೂರ್ತಿ ಮೇಷ್ಟ್ರ ಕೈಲಿ ಬರಸ್ತಾ ಇದೀನಿ. ನಾನು ಹೇಳಿದ್ದು ಹೇಳಿದ ಹಾಗೇ ಬರೀರಿ, ತಿದ್ದಬೇಡಿ ಅಂದಿದೀನಿ. ಅವ್ರಿಗೆ ಕೈ ತುರಿಸ್ತಾ ಇದೆ, ಆದ್ರೂ ಬರೀತಾ ಅವ್ರೆ.

ನಿನ್ನ ಕಾಗದ ಸ್ಕೂಲಿಗೆ ಬಂದಿದ್ದು ಒಳ್ಳೇದಾಯ್ತು. ಕವರ್ ಒಡೀತಿದ್ದ ಹಾಗೇ ಘಮ್ ಅಂತು. ಮೇಷ್ಟ್ರೇ, ನೀವು ಆ ಮೂಲೇಲಿ ನಿಂತ್ಕೊಂಡು ಗಟ್ಟಿಯಾಗಿ ಓದಿ, ನಾನು ಈ ಬಾಗಿಲಲ್ಲಿ ನಿಂತ್ಕೋತೀನಿ ಅಂದೆ. ಅದನ್ನ ಮುಟ್ಲಿಲ್ಲ. ಸ್ಕೂಲಲ್ಲೇ ಇಟ್ಟಿದಾರೆ. ಕಾಗದದ ವಾಸನೇನೂ ನಮ್ಮ ಹುಳುಮನೆ ಹೊಸಲು ದಾಟೋ ಹಾಗಿಲ್ಲ. ಇನ್ಮೇಲೆ ಬರಿಯೋ ಮುಂಚೆ ಸೀಗೇಕಾಯಿ ಹಾಕಿ ಕೈ ತೊಳ್ಕೊ.

ಜೊತೆ ಕೇಳಿದೀಯ. ಹೇಳ್ತೀನಿ ಕೇಳು. ದಪ್ಪ ಕರೀ ಚುಟ್ಟಕ್ಕೆ ಬೆಲ್ಲದ ಕಾಫಿ. ಸಕ್ಕರೆ ಅಲ್ಲ, ಬೆಲ್ಲ, ಅದೂ ಹಳೇದು. ಕಾಫಿ ಮೊದಲು ಎರಡು ಗುಟುಕು, ಆಮೇಲೆ ಚುಟ್ಟ. ಹೊಗೆ ಬಾಯಲ್ಲಿರೋವಾಗ ಕುಡೀಬಾರ್ದು. ಹೊಗೆ ಹೋಗ್ಲಿ, ನಾಲಿಗೆ ಒಂದು ಗಳಿಗೆ ಸುಮ್ನಿರ್ಲಿ, ಆಗ ಗುಟುಕು. ಎದೆಗೆ ಎಳೀಬೇಡ, ಎಳೆಯೋನು ಬೀಡಿ ಗಿರಾಕಿ. ಬೂದಿ ಕೊಡವಬೇಡ, ಅದಾಗೇ ಬೀಳ್ಲಿ. ಕಡ್ಡಿ ಗೀರಿ ಹಚ್ಚಿದ್ರೆ ಗಂಧಕದ ವಾಸನೆ ಕೂರ್ತದೆ, ಕೆಂಡದಲ್ಲಿ ಹಚ್ಚು. ಅರ್ಧ ಸೇದಿ ಇಟ್ಟಿದ್ದನ್ನ ಮಾರನೇ ದಿನ ಹಚ್ಚೋದು ಹಳಸಿದ ಸಾರು ಕಾಯಿಸಿದ ಹಾಗೆ.

ನಾನು ಬರಲ್ಲ. ಇಲ್ಲಿ ನೂರು ತಟ್ಟೆ ಹುಳ ಅದೆ. ಆದಿಲಕ್ಷ್ಮಿಗೆ ಹುಳ ಪೊರೆ ಬಿಡೋಕೆ ಯಾವಾಗ ಜ್ವರಕ್ಕೆ ಮಲಗ್ತಾವೆ, ಯಾವಾಗ ಏಳ್ತಾವೆ ಅಂತ ಇನ್ನೂ ತಿಳಿಯಲ್ಲ. ನಿನ್ನ ಚಿಕ್ಕಮ್ಮ ಒಳ್ಳೇಳು, ಆದ್ರೆ ಅವಸರದೋಳು. ಚುಟ್ಟ ಕಾಯ್ತದೆ. ಹುಳ ಕಾಯಲ್ಲ.

ಪೆದ್ದಮ್ಮ

•

ಗೌರಿಬಿದನೂರು
೧೨-೩-೧೯೬೧

ಪೆದ್ದಮ್ಮನಿಗೆ,

ಕೈ ತೊಳೆದುಕೊಂಡೇ ಬರೆಯುತ್ತಿದ್ದೇನೆ. ಎರಡು ಸಲ ತೊಳೆದೆ.

ನೀನು ಹೇಳಿದ್ದನ್ನು ಒಂದೂ ಬಿಡದೆ ಮಾಡಿ ನೋಡಿದೆ. ಅಂಗಡಿ ಮುಂದೆ ಒಂದು ಕುಂಪಟೆಯಲ್ಲಿ ಕೆಂಡ ಇಟ್ಟೆ. ಗೋದಮ್ಮನವರಿಗೆ ಬೆಲ್ಲದ ಕಾಫಿ ಮಾಡಿ ಎಂದರೆ, “ಏನಪ್ಪ, ನನ್ನ ಅಂಗಡೀನ ಹಳ್ಳಿ ಮಾಡ್ತೀಯಾ? ಸಕ್ಕರೆ ಕಾಫಿ ಕುಡಿಯೋಕೇ ಜನ ಪೇಟೆಗೆ ಬರೋದು” ಎಂದರು. ನಾನು ಬಿಡಲಿಲ್ಲ. ಮೊದಲ ಲೋಟವನ್ನು ಮಂಡಿಕಲ್ಲಿನ ಪುಟ್ಟಸ್ವಾಮಯ್ಯನವರಿಗೆ ಕೊಟ್ಟೆವು. ಅವರು ಪೆನ್ಶನ್ ಆದ ಗುಮಾಸ್ತರು, ಯಾವುದನ್ನೂ ಚೆನ್ನಾಗಿದೆ ಎಂದವರಲ್ಲ. ಎರಡು ಗುಟುಕು ಕುಡಿದು ನಲ್ಲಪ್ಪನ ಕರೀ ಚುಟ್ಟ ಹಚ್ಚಿದರು. ಅವರ ರೈಲು ಬಂತು, ಹೋಯಿತು. ಅವರು ಎದ್ದಿರಲಿಲ್ಲ. “ಸ್ವಾಮಿ, ರೈಲು ಹೋಯ್ತಲ್ಲ” ಎಂದೆ. “ಇನ್ನೊಂದು ಬರ್ತದೆ. ಇದು ಆರಿದ್ರೆ ಮತ್ತೆ ಬರ್ತದೇನಯ್ಯ” ಎಂದರು. ಅಂದಿನಿಂದ ಗೋದಮ್ಮನವರು ಎರಡು ಪಾತ್ರೆ ಇಡುತ್ತಾರೆ.

ನಾನೂ ಕೆಲವು ಜೊತೆ ಕಂಡುಹಿಡಿದೆ. ತೆಳ್ಳನೆಯ ಹಳದಿ ಎಲೆಯ ಚುಟ್ಟಕ್ಕೆ ನೀರು ಮಜ್ಜಿಗೆ ಕೊಟ್ಟು ನೋಡಿದೆ, ಕೆಟ್ಟುಹೋಯಿತು. ಹುಳಿಯ ಮೇಲೆ ಹೊಗೆ ಬಂದರೆ ಬಾಯಿ ತಾಮ್ರದ ಚೊಂಬಿನ ಹಾಗಾಗುತ್ತದೆ. ಅದೇ ಚುಟ್ಟಕ್ಕೆ ಶುಂಠಿ ಹಾಕಿದ ಚಹಾ ಬಹಳ ಚೆನ್ನ. ಗೋಲಿ ಸೋಡಾ ಚುಟ್ಟದ ಜೊತೆಗಲ್ಲ, ಚುಟ್ಟ ಮುಗಿದ ಮೇಲೆ. ಬಾಯನ್ನು ತೊಳೆದು ಒರೆಸಿಟ್ಟ ಹಾಗೆ ಮಾಡುತ್ತದೆ. ಸೊಗದೆ ಬೇರಿನ ನನ್ನಾರಿ ಶರಬತ್ತು ಬೇಡವೇ ಬೇಡ. ಎರಡು ವಾಸನೆ ಒಂದೇ ಮನೆಯ ಇಬ್ಬರು ಸೊಸೆಯರ ಹಾಗೆ ಜಗಳ ಆಡುತ್ತವೆ. ಬಿಸಿಲಿನಲ್ಲಿ ನಡೆದು ಬಂದವನಿಗೆ ತಣ್ಣನೆಯ ರಾಗಿ ಅಂಬಲಿ, ಉಪ್ಪು ಮಾತ್ರ ಹಾಕಿದ್ದು. ಅದರ ಮೇಲೆ ಯಾವ ಚುಟ್ಟ ಹಚ್ಚಿದರೂ ಅದು ರಾಜನ ಚುಟ್ಟ.

ಇಷ್ಟೆಲ್ಲ ಕಂಡುಹಿಡಿದು, ಹೇಳಿಕೊಟ್ಟವಳಿಗೇ ಒಂದು ಕೊಡಲಿಲ್ಲ ಎಂದು ಮನಸ್ಸು ತಡೆಯುತ್ತಿಲ್ಲ. ನಾನೇ ಸುತ್ತಿದ ಹತ್ತು ಚುಟ್ಟ ಕಟ್ಟಿಟ್ಟಿದ್ದೇನೆ. ಜಂಗಮಕೋಟೆ ಬಸ್ಸಿನ ಕಂಡಕ್ಟರ್ ಆವಲಪ್ಪ ನನಗೆ ಗುರುತು. ಅವನ ಕೈಯಲ್ಲಿ ಕಳಿಸುತ್ತೇನೆ, ಮೇಷ್ಟ್ರ ಹತ್ತಿರ ಸ್ಕೂಲಿನಲ್ಲಿರಲಿ. ಚಿಕ್ಕಪ್ಪನ ಕಣ್ಣಿಗೆ ಬೀಳದ ಹಾಗೆ ತಲುಪಿಸು ಎಂದು ಹೇಳಿರುತ್ತೇನೆ.

ನಿನ್ನ
ರಾಮಾಂಜಿನಪ್ಪ

•

ಜಂಗಮಕೋಟೆ
೧೫-೩-೧೯೬೧

ರಾಮಾಂಜಿ,

ಕಳಿಸ್ಬೇಡ. ಇದನ್ನ ನೋಡಿದ ತಕ್ಷಣ ಆ ಕಂಡಕ್ಟರಪ್ಪನ್ನ ಹಿಡ್ಕೊಂಡು ಬೇಡ ಅನ್ನು. ಹುಳ ನಾಲ್ಕನೇ ಜ್ವರ ಎದ್ದಿದಾವೆ. ಇನ್ನು ಏಳು ದಿನ ಹಗಲೂ ರಾತ್ರೀನೂ ತಿಂತಾವೆ, ಮಳೆ ಬಿದ್ದ ಹಾಗೆ ಸದ್ದು ಮಾಡ್ತಾ. ನಮ್ಮ ತೋಟದ ಹಿಪ್ಪುನೇರಳೆ ಸೊಪ್ಪು ಸಾಲ್ದೆ ಶಿಡ್ಲಘಟ್ಟದಿಂದ ಮೂಟೆ ತರಿಸ್ತಾ ಇದಾನೆ ನಿನ್ನ ಚಿಕ್ಕಪ್ಪ ಮುನಿಶಾಮಿ. ಈ ಹೊತ್ನಲ್ಲಿ ಊರೊಳಕ್ಕೇ ಹೊಗೆಸೊಪ್ಪು ಬರೋದು ಬೇಡ.

ಪುಟ್ಟಸ್ವಾಮಯ್ಯನ ರೈಲಿನ ಕತೆ ಕೇಳಿ ಮೇಷ್ಟ್ರು ನಕ್ಕರು. ನಾನು ನಗಲಿಲ್ಲ. ಆ ಮನುಷ್ಯ ಸರಿಯಾಗೇ ಹೇಳವ್ರೆ.

ಹತ್ತು ಸುತ್ತಿದೀನಿ ಅಂತ ಬರ್ದೆ. ಕರೀದೋ ಹಳದೀದೋ ಬರೀಲೇ ಇಲ್ವಲ್ಲ. ಸುಮ್ನೆ ಕೇಳಿದೆ.

ಪೆದ್ದಮ್ಮ

•

ಜಂಗಮಕೋಟೆ
೨೪-೩-೧೯೬೧

ರಾಮಾಂಜಿ,

ನನ್ನ ಕಾಗದ ನಿಂಗೆ ಸೇರೋ ಮುಂಚೆ ನಿನ್ನ ಪೊಟ್ಟಣ ಇಲ್ಲಿಗೆ ಸೇರ್ತು.

ಏನಾಯ್ತು ಅಂತ ಹೇಳ್ತೀನಿ, ಅಡ್ಡ ಮಾತು ಬರೀಬೇಡ. ಅವತ್ತು ಬಸ್ಸಿನ ಮೇಲೆ ಶಿಡ್ಲಘಟ್ಟದಿಂದ ನಮ್ಮ ಸೊಪ್ಪಿನ ಮೂಟೆ ಬರ್ತಿತ್ತು. ಮುನಿಶಾಮಿ ಕಣ್ಣಿಗೆ ಬೀಳಬಾರ್ದು ಅಂತ ನೀನು ಹೇಳಿದ್ಯಂತೆ. ಆವಲಪ್ಪ ಬುದ್ಧಿವಂತ. ಆ ಮೂಟೆ ಒಳಗೇ ತುರುಕ್ದ. ಸ್ಟಾಪಿನಲ್ಲಿ ಇಳಿಸೋವಾಗ ತೆಗೆದು ಮೇಷ್ಟ್ರಿಗೆ ಕೊಡಣ ಅಂತಿದ್ನಂತೆ. ಅಷ್ಟರಲ್ಲಿ ಮುನಿಶಾಮೀನೇ ಗಾಡಿ ಕಟ್ಕೊಂಡು ಬಂದು ನಿಂತಿದ್ದ. ಆವಲಪ್ಪ ಬಾಯಿ ಬಿಡ್ಲಿಲ್ಲ. ಸೊಪ್ಪು ಬಾಡಬಾರ್ದು ಅಂತ ಗೋಣಿಗೆ ನೀರು ಚಿಮುಕಿಸಿದ್ರು. ಆ ನೀರಲ್ಲಿ ನಿನ್ನ ಹತ್ತು ಚುಟ್ಟ ಅರ್ಧ ದಿನ ನೆಂದ್ವು.

ನಾನು ಅಡುಗೆ ಮನೇಲಿದ್ದೆ. ಆದಿಲಕ್ಷ್ಮಿ ಸೊಪ್ಪು ಹಾಕಿದ್ಲು. ಒಂದು ಗಂಟೆ ಆಗಿರ್ಲಿಲ್ಲ, ಸದ್ದು ನಿಂತೋಯ್ತು. ಮಳೆ ನಿಂತ ಹಾಗೆ. ಒಳಗೆ ಹೋಗಿ ನೋಡಿದೆ. ತಲೆ ಎತ್ಕೊಂಡು ಅತ್ತ ಇತ್ತ ಆಡಿಸ್ತಾ ಇದಾವೆ, ಹಸರು ನೀರು ಕಾರ್ತಾ ಇದಾವೆ. ಅರವತ್ತು ತಟ್ಟೆ. ಏನು ಅಂತ ಕಣ್ಣು ನೋಡೋ ಮುಂಚೆ ಮೂಗಿಗೆ ಗೊತ್ತಾಯ್ತು. ನಾನೇ ಮೂಟೆ ತಳಕ್ಕೆ ಕೈ ಹಾಕಿ ಪೊಟ್ಟಣ ತೆಗೆದೆ. ಕರೀದೇ ಸುತ್ತಿದ್ದೆ ನೀನು.

ಮುನಿಶಾಮಿ ಬಂದು ನೋಡಿದಾಗ ಪೊಟ್ಟಣ ನನ್ನ ಕೈಲಿತ್ತು.

“ಅತ್ತಿಗೆ, ಹನ್ನೆರಡು ವರ್ಷ ತಡ್ಕೊಂಡ್ರಿ, ಇನ್ನು ಏಳು ದಿನ ತಡೀಲಿಲ್ವಾ?” ಅಂದ. ಅಷ್ಟೇ. ಅವನು ಕಿರುಚಿದ್ರೆ ಚೆನ್ನಾಗಿರ್ತಿತ್ತು.

ನಾನು ತರಿಸಲಿಲ್ಲ ಅಂತ ಹೇಳಬೋದಾಗಿತ್ತು. ಬಾಯಿಗೆ ಬಂತು. ಆದ್ರೆ ಬೇಕಾಗಿತ್ತಾ ಇಲ್ವಾ ಅಂತ ಅವನು ಕೇಳಿದ್ರೆ? ಆಗೇನು ಹೇಳ್ಲಿ?

ಈಗ ಹುಳುಮನೆ ಬೀಗದ ಕೈ ಆದಿಲಕ್ಷ್ಮಿ ಸೊಂಟದಲ್ಲದೆ. ನಾನು ಎಮ್ಮೆ ನೋಡ್ಕೋತಾ ಇದೀನಿ. ಎಮ್ಮೆಗೆ ಯಾವ ವಾಸನೆ ಆದ್ರೂ ಆಯ್ತು.

ನೀನು ಬರಬೇಡ. ಬಂದ್ರೆ ಜಗಳ ಆಗ್ತದೆ.

ಪೆದ್ದಮ್ಮ

•

ಗೌರಿಬಿದನೂರು
೨೮-೩-೧೯೬೧

ಚಿಕ್ಕಪ್ಪ ಮುನಿಶಾಮಪ್ಪನವರಿಗೆ ರಾಮಾಂಜಿನಪ್ಪ ಬರೆಯುವುದು.

ಈ ಕಾಗದವನ್ನು ಗೋದಮ್ಮನವರ ಅಂಗಡಿಯಲ್ಲಿ ಕೂತು, ಅವರ ಹಾಳೆಯಲ್ಲಿ, ಅವರ ಮಗನ ಕೈಯಲ್ಲಿ ಬರೆಸುತ್ತಿದ್ದೇನೆ. ಅವನು ಚುಟ್ಟ ಮುಟ್ಟುವವನಲ್ಲ. ನಾನು ಹಾಳೆ ಮುಟ್ಟಿಲ್ಲ. ಧೈರ್ಯವಾಗಿ ಮನೆಯೊಳಗೆ ಓದಬಹುದು.

ಆ ಪೊಟ್ಟಣ ಕಳಿಸಿದವನು ನಾನು. ಪೆದ್ದಮ್ಮ ಕೇಳಿರಲಿಲ್ಲ. ಬೇಡ ಎಂದು ಅವಳು ಬರೆಸಿದ ಕಾಗದ ನನ್ನ ಕೈ ಸೇರುವ ಹೊತ್ತಿಗೆ ಬಸ್ಸು ಹೊರಟಾಗಿತ್ತು. ಬೇಡ ಎಂದ ಆ ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ, ಬೇರೆ ಕವರಿನಲ್ಲಿ; ಅದನ್ನು ಮಾತ್ರ ಹೊರಗೆ ಓದಿ. ನಿಮ್ಮ ಕಣ್ಣಿಗೆ ಬೀಳಬಾರದು ಎಂದು ಆವಲಪ್ಪನಿಗೆ ಹೇಳಿದವನೂ ನಾನೇ. ಮರೆಮಾಚಲು ಹೇಳದಿದ್ದರೆ ಅವನು ಕೈಯಲ್ಲೇ ಹಿಡಿದು ತರುತ್ತಿದ್ದ, ಒಂದು ಹುಳುವೂ ಸಾಯುತ್ತಿರಲಿಲ್ಲ. ಅಷ್ಟು ತಪ್ಪು ಪೂರ್ತಿ ನನ್ನದು.

ಇನ್ನೊಂದು ಮಾತು. ನೀವು ಹಿರಿಯರು, ಆದರೂ ಹೇಳುತ್ತೇನೆ. ಚುಟ್ಟದ ವ್ಯಾಪಾರ ನಾನು ಬಿಡುವುದಿಲ್ಲ, ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ನಿಮ್ಮ ಮನೆಯ ಹುಳು ಸತ್ತದ್ದಕ್ಕೆ ಪೆದ್ದಮ್ಮ ನಾಚಿಕೆಪಡುವಂಥದ್ದೂ ಏನಿಲ್ಲ. ಹನ್ನೆರಡು ವರ್ಷದಲ್ಲಿ ಅವಳಿಗೆ ಏನು ಬೇಕು ಎಂದು ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನೀವು ಕೇಳದೆ ಇಟ್ಟುಕೊಂಡಿರಿ, ನಾನು ಕೇಳದೆ ಕಳಿಸಿದೆ.

ಬೈಯುವುದಿದ್ದರೆ ಬರೆಯಿರಿ. ಬಾ ಎಂದರೆ ಬರುತ್ತೇನೆ.

ರಾಮಾಂಜಿನಪ್ಪ

•

ಜಂಗಮಕೋಟೆ
೯-೫-೧೯೬೧

ರಾಮಾಂಜಿ,

ನಿನ್ನ ಚಿಕ್ಕಪ್ಪ ನಿನ್ನ ಕಾಗದ ಓದ್ದ. ಎರಡು ಸಲ ಓದ್ದ. ಇನ್ನೊಂದು ಕವರು ತಗೊಂಡು ಬೇವಿನ ಮರದ ಕೆಳಕ್ಕೆ ಹೋಗಿ ಅದನ್ನೂ ಓದ್ದ. ಆಮೇಲೆ ಕೆರೇಲಿ ಮುಳುಗೆದ್ದು ಬಂದ. ನಿಂಗೆ ಬರೀಲಿಲ್ಲ ಅಂತ ಕಾಣ್ತದೆ. ಊಟಕ್ಕೆ ಕೂತಾಗ ಮಾತ್ರ, “ಅತ್ತಿಗೆಗೆ ತುಪ್ಪ ಹಾಕೇ” ಅಂತ ಆದಿಲಕ್ಷ್ಮಿಗೆ ಹೇಳ್ದ.

ಬೀಗದ ಕೈ ಮಾತ್ರ ಕೊಡಲಿಲ್ಲ. ಕೊಡು ಅಂತ ನಾನೂ ಕೇಳ್ಲಿಲ್ಲ.

ಹೊಸ ಮೊಟ್ಟೆ ತಂದು ಇಟ್ರು. ಎರಡನೇ ಜ್ವರದವರೆಗೂ ಸರಿಯಾಗೇ ಇತ್ತು. ಆಮೇಲೆ ಒಂದಿನ ಬೆಳಗ್ಗೆ ಎಮ್ಮೆ ಹಿಂಡ್ತಾ ಇದೀನಿ, ಆದಿಲಕ್ಷ್ಮಿ ಬಂದು ಕೊಟ್ಟಿಗೆ ಬಾಗಿಲಲ್ಲಿ ನಿಂತ್ಲು.

“ಅಕ್ಕ, ಅರ್ಧ ಎದ್ದಿದಾವೆ, ಅರ್ಧ ಮಲಗಿದಾವೆ. ಸೊಪ್ಪು ಹಾಕ್ಲಾ ಬೇಡ್ವಾ?”

“ಬೀಗದ ಕೈ ಇರೋರಿಗೆ ಗೊತ್ತಿರ್ಬೇಕು ಕಣಮ್ಮ” ಅಂದೆ.

“ಅಕ್ಕ, ನಾನು ಕಿತ್ಕೊಂಡಿದ್ದಲ್ಲ, ಅವ್ರು ಕೊಟ್ಟಿದ್ದು. ನಂಗೆ ಅದು ಸೊಂಟದಲ್ಲಿ ಚುಚ್ತಾ ಅದೆ” ಅಂತ ಅತ್ಲು.

ಹಾಲಿನ ಚೊಂಬು ಕೆಳಗಿಟ್ಟು ಎದ್ದೆ. ಹಗೆ ಸಾಧಿಸೋಕೆ ಹುಳ ಏನು ಮಾಡಿದ್ವು? ಎದ್ದಿದ್ದು ಬೇರೆ, ಮಲಗಿದ್ದು ಬೇರೆ ಮಾಡಿ ತಟ್ಟೆ ಬದಲಾಯಿಸ್ದೆ. ಅವತ್ತಿಂದ ಕೊನೇವರೆಗೂ ನಾನೇ ನಿಂತೆ. ಹೋದ ವಾರ ಹುಳ ಹಣ್ಣಾದ್ವು, ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಟ್ಟೋ. ಈ ವರ್ಷ ಇಂಥ ಗೂಡು ಈ ಸುತ್ತಿನಲ್ಲಿ ಯಾರ ಮನೇಲೂ ಆಗಿಲ್ಲ ಅಂತ ಮೇಷ್ಟ್ರೇ ಹೇಳ್ತಾ ಅವ್ರೆ. ಬರೀರಿ ಮೇಷ್ಟ್ರೇ, ನೀವು ಹೇಳಿದ್ದು ಅಂತ ಬರೀರಿ.

ಗೂಡು ಬಿಡಿಸೋ ದಿನ ಮುನಿಶಾಮಿ ಬೀಗದ ಕೈ ತಂದು ನನ್ನ ಮುಂದೆ ಇಟ್ಟ. ನಾನು ತಗೊಳ್ಲಿಲ್ಲ.

“ಏನು ಅತ್ತಿಗೆ, ಇನ್ನೂ ಕೋಪಾನಾ?”

“ಕೋಪ ಅಲ್ಲಪ್ಪ. ಒಂದು ಮಾತದೆ, ಅದಾದ ಮೇಲೆ ತಗೋತೀನಿ” ಅಂದೆ. “ಒಂದು ಬೆಳೆ ಹೋದ ಮೇಲೆ ಇನ್ನೊಂದು ಬೆಳೆ ಬರೋವರೆಗೂ ನೀನು ತಟ್ಟೆ ಒಣಗಿಸ್ತೀಯ, ಸುಣ್ಣ ಹೊಡಿಸ್ತೀಯ. ಹನ್ನೆರಡು ದಿನ ಆಗ್ತದೆ. ಆ ಹನ್ನೆರಡು ದಿನ ಹುಳ ಇರಲ್ಲ. ಆ ದಿನ ನಂದು. ನಾನು ಗೌರಿಬಿದನೂರಿಗೆ ಹೋಗ್ತೀನಿ. ಅಲ್ಲಿ ಏನು ಮಾಡ್ತೀನಿ ಅಂತ ನಿಂಗೆ ಗೊತ್ತು. ಮಾಡಿ, ಎಣ್ಣೆ ಸೀಗೇಕಾಯಲ್ಲಿ ತಲೆ ಉಜ್ಜಿ ಸ್ನಾನ ಮಾಡಿ, ಉಟ್ಟಿದ್ದ ಸೀರೆ ಅಲ್ಲೇ ಬಿಟ್ಟು ಬರ್ತೀನಿ. ವರ್ಷಕ್ಕೆ ಐದು ಬೆಳೆ ಅಂದ್ರೆ ಐದು ಸಲ.”

ಅವನು ತಲೆ ಬಗ್ಗಿಸಿ ಗೂಡಿನ ಮೇಲಿನ ನೂಲು ಕೀಳ್ತಾ ಕೂತ. ಆದಿಲಕ್ಷ್ಮಿ ಅವನನ್ನ ನೋಡಿದ್ಲು, ನನ್ನ ನೋಡಿದ್ಲು. ಒಂದು ಬುಟ್ಟಿ ತುಂಬ್ತು.

“ಜನ ಏನಂತಾರೆ, ಅತ್ತಿಗೆ?” ಅಂದ.

“ಮುದುಕಿ ಚುಟ್ಟ ಸೇದೋಕೆ ಹೋಗವ್ಳೆ ಅಂತಾರೆ. ನಿಜಾನೇ ಅಲ್ವಾ?”

ಅವನು ಎದ್ದ. ಗೂಡು ತಗೊಂಡು ಶಿಡ್ಲಘಟ್ಟಕ್ಕೆ ಹೋದ. ಇವತ್ತು ಬೆಳಗ್ಗೆ ಮೇಷ್ಟ್ರು ಕರೆದ್ರು. ಸ್ಕೂಲಿಗೆ ಹೋದ್ರೆ ಒಂದು ಕಾಗದದ ಪೊಟ್ಟಣ. ಒಳಗೆ ಹೊಸಾ ಸೀರೆ. ಮುನಿಶಾಮಿ ಕೊಟ್ಟು ಹೋಗವ್ನಂತೆ. “ಅತ್ತಿಗೆ ಊರಿಂದ ವಾಪಸ್ ಬಂದಾಗ ಇಲ್ಲೇ ಬದಲಾಯಿಸಿಕೊಂಡು ಮನೆಗೆ ಬರ್ಲಿ” ಅಂದ್ನಂತೆ. ಮೇಷ್ಟ್ರು ಕಣ್ಣು ಒರೆಸ್ಕೋತಾ ಅವ್ರೆ. ಇದನ್ನ ಬರೀಬೇಡಿ ಅಂದ್ರೂ ಬರೀತಾರೆ.

ಗುರುವಾರದ ಬಸ್ಸಿಗೆ ಬರ್ತೀನಿ. ಆವಲಪ್ಪನ ಬಸ್ಸೇ. ಅವನು ನನ್ನ ಮುಖ ನೋಡೋಕೆ ಹೆದರ್ತಾ ಅವ್ನೆ, ಟಿಕೆಟ್ ಕೊಡೋಕಾದ್ರೂ ನೋಡ್ಲೇಬೇಕಲ್ಲ.

ಪೆದ್ದಮ್ಮ

•

ಗೌರಿಬಿದನೂರು
೧೪-೫-೧೯೬೧

ಮುನಿಶಾಮಿ,

ಇದನ್ನ ಗೋದಮ್ಮನ ಮಗ ಬರೀತಾ ಅವ್ನೆ. ಮನೇಲೇ ಓದು, ಆದಿಲಕ್ಷ್ಮಿಗೂ ಕೇಳಿಸ್ಲಿ.

ಸುಖವಾಗಿ ಬಂದೆ. ರಾಮಾಂಜಿ ಅಂಗಡಿ ಚಿಕ್ಕದು, ಅವನ ಮಾತು ದೊಡ್ಡದು. ಗಿರಾಕಿಗಳಿಗೆಲ್ಲ, “ನಮ್ಮ ಪೆದ್ದಮ್ಮ, ಇವ್ರೇ ನಂಗೆ ಗುರು” ಅಂತ ತೋರಿಸ್ತಾನೆ. ನಾಲ್ಕು ಜನ ಬಂದು ಕೈ ಮುಗಿದ್ರು. ರೈಲು ತಪ್ಪಿಸ್ಕೊಂಡ ಆ ಪುಟ್ಟಸ್ವಾಮಯ್ಯ ಬಂದು, “ತಾಯಿ, ಬೆಲ್ಲ ಹಳೇದೇ ಆಗ್ಬೇಕು ಅಂತ ಹೇಳಿದ್ದು ನೀವೇನಾ?” ಅಂತ ಕೇಳಿದ್ರು. ಹೌದು ಸ್ವಾಮಿ ಅಂದೆ. ಬೆಂಚಿನಲ್ಲಿ ಜಾಗ ಬಿಟ್ರು.

ಮೊದಲನೇ ದಿನ ಆಗಲಿಲ್ಲ. ಎರಡು ದಮ್ಮಿಗೆ ಕೆಮ್ಮು ಬಂತು, ತಲೆ ತಿರುಗ್ತು. ರಾಮಾಂಜಿ ಹೆದರಿ ಸೋಡಾ ತಂದ. ಗೋದಮ್ಮ, “ಹನ್ನೆರಡು ವರ್ಷ ಆದ್ಮೇಲೆ ಗಂಡ ಬಂದ್ರೂ ಹೀಗೇ ಆಗೋದು ಕಣಮ್ಮ” ಅಂದ್ಲು. ನಗು ಬಂದು ಇನ್ನೂ ಕೆಮ್ಮಿದೆ. ಆರಿಸಿಟ್ಟೆ.

ನಿನ್ನೆ ಸಾಯಂಕಾಲ ಮತ್ತೆ ಕೂತೆ. ಬೆಲ್ಲದ ಕಾಫಿ ಎರಡು ಗುಟುಕು. ಕೆಂಡದಲ್ಲಿ ನಿಧಾನವಾಗಿ ಹಚ್ಚಿದೆ. ಮೂರು ದಮ್ಮು ಏನೂ ತಿಳೀಲಿಲ್ಲ, ಬರೀ ಕಾರ. ನಾಲ್ಕನೇದಕ್ಕೆ ರುಚಿ ಬಂತು. ನೆಂದ ಮಣ್ಣು, ಸುಟ್ಟ ಬೆಲ್ಲ, ಮತ್ತೊಂದು ಏನೋ, ಅದಕ್ಕೆ ಹೆಸರು ಹೇಳೋಕೆ ನಂಗೆ ಬರಲ್ಲ. ರೈಲು ಬಂತು, ಜನ ಇಳಿದ್ರು, ಹತ್ತಿದ್ರು. ಯಾರೂ ನನ್ನ ಏನೂ ಕೇಳ್ಲಿಲ್ಲ. ಬೂದಿ ಎರಡು ಬೆರಳು ಉದ್ದ ನಿಂತಿತ್ತು, ಬೀಳ್ಲಿಲ್ಲ. ರಾಮಾಂಜಿ ಚೆನ್ನಾಗಿ ಸುತ್ತುತಾನೆ, ಇದನ್ನ ನೀನು ತಿಳ್ಕೊಂಡಿರ್ಬೇಕು.

ಸುಣ್ಣ ಎರಡು ಸಲ ಹೊಡಿಸು, ಮೂಲೆಗಳು ಬಿಟ್ಟು ಹೋಗಬಾರ್ದು. ತಟ್ಟೆ ಬಿಸಿಲಲ್ಲಿ ಕವುಚಿ ಹಾಕಿ, ಆಮೇಲೆ ಅಂಗಾತ ಹಾಕಿ. ಮೊಟ್ಟೆ ತರೋಕೆ ಅವಸರ ಬೇಡ, ನಾನು ಬಂದು ನೋಡ್ತೀನಿ. ಆದಿಲಕ್ಷ್ಮಿ, ನಾನು ಬಂದು ತಗೊಳ್ಳೋವರೆಗೂ ಬೀಗದ ಕೈ ಮೊಳೆಗೆ ನೇತು ಹಾಕು, ಸೊಂಟದಲ್ಲಿ ಬೇಡ.

ಚುಟ್ಟ ಮುಗಿದ ಮೇಲೆ ರಾಮಾಂಜಿ ಇನ್ನೊಂದು ಮುಂದಕ್ಕೆ ಹಿಡ್ದ. “ತಗೋ ಪೆದ್ದಮ್ಮ, ಹನ್ನೆರಡು ವರ್ಷದ ಬಾಕಿ ಅದೆ” ಅಂದ.

ಬೇಡಪ್ಪ ಅಂದೆ. ನಾಳೆ ಇದೆಯಲ್ಲ.

ನಿಮ್ಮನೆ ಹಿರೀ ಸೊಸೆ
ಪೆದ್ದಮ್ಮ